ಬಿಲ್ಲೆಯೊಳಗಿನ ಪ್ರಯೋಗಶಾಲೆ

ನಮ್ಮ ಮಡಕಶಿರಾ ಸೀಮೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲಿನ ಕಂದುಗೆರೆ ಯಾವ ಮನೆಗೂ ಹೊಸದಲ್ಲ. ಹಿಂದೊಮ್ಮೆ ನಾವು ಒಂದು ಬಾಟಲಿ ನೀರನ್ನು ಪರೀಕ್ಷೆಗೆಂದು ಪಟ್ಟಣಕ್ಕೆ ಕಳುಹಿಸಿದೆವು. ಉತ್ತರ ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆಯೇ ಮುಗಿದಿತ್ತು. ಅಷ್ಟು ದಿನವೂ ಮಕ್ಕಳು ಅದೇ ನೀರನ್ನು ಕುಡಿದರು. ನೀರು ಪ್ರಯೋಗಶಾಲೆಗೆ ಹೋಗುವ ಬದಲು ಪ್ರಯೋಗಶಾಲೆಯೇ ಬಾವಿಯ ಬಳಿಗೆ ಬರಬಾರದೆ?

ಬರಬಹುದು. 1990ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು, ರಾಸಾಯನಿಕ ಪರೀಕ್ಷೆಯ ಎಲ್ಲ ಹಂತಗಳನ್ನೂ ಒಂದು ಚಿಕ್ಕ ಬಿಲ್ಲೆಯಲ್ಲಿ ಅಡಗಿಸುವ ವಿಚಾರವನ್ನು ಮುಂದಿಟ್ಟರು. (1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಶನ್ನಿನ ತವರೂ ಅದೇ ಊರು!) ಅಂಥ ಬಿಲ್ಲೆಯನ್ನು ಗಾಜು, ಸಿಲಿಕಾನ್, ಪ್ಲಾಸ್ಟಿಕ್ಕುಗಳಿಂದ ಮಾಡುತ್ತಾರೆ, ಪಿಂಗಾಣಿಯಿಂದಲೂ ಮಾಡುತ್ತಾರೆ. ಭಾಷೆ ಕಲಿಸುವ ನಮ್ಮನ್ನು ಸೆಳೆದದ್ದು ಈ ಪಿಂಗಾಣಿಯೇ. ಇದು ಬಹುಮಟ್ಟಿಗೆ ಕುಂಬಾರನ ಕೆಲಸ.

ಅಲ್ಯೂಮಿನಾ ಪುಡಿ, ಗಾಜಿನ ಪುಡಿ ಮತ್ತು ಅಂಟುಪದಾರ್ಥವನ್ನು ಕಲಸಿ, ಹಪ್ಪಳಕ್ಕಿಂತ ತೆಳುವಾದ ಹಾಳೆ ಎಳೆಯುತ್ತಾರೆ. ಸುಡದ ಈ ಹಾಳೆ ಬಟ್ಟೆಯಂತೆ ಬಾಗುತ್ತದೆ. ಒಂದರಲ್ಲಿ ನೀರು ಹರಿಯುವ ಕಾಲುವೆ ಕತ್ತರಿಸುತ್ತಾರೆ, ಇನ್ನೊಂದರ ಮೇಲೆ ಬೆಳ್ಳಿಯ ಲೇಪದಿಂದ ವಿದ್ಯುತ್ತಿನ ದಾರಿ ಅಚ್ಚೊತ್ತುತ್ತಾರೆ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ, ಬಿಸಿಯಲ್ಲಿ ಒತ್ತಿ, ಸುಮಾರು 850 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಡುತ್ತಾರೆ. ಅಂಟು ಉರಿದುಹೋಗಿ, ಪದರಗಳೆಲ್ಲ ಒಂದೇ ಗಟ್ಟಿ ಬಿಲ್ಲೆಯಾಗುತ್ತವೆ.

ಗಾಜು ಏಕೆ ಬೇಕು? ಬರಿಯ ಅಲ್ಯೂಮಿನಾವನ್ನು ಬೇಯಿಸಲು ಸುಮಾರು 1600 ಡಿಗ್ರಿ ಬೇಕು. ಬೆಳ್ಳಿಯಾದರೋ 962 ಡಿಗ್ರಿಗೇ ಕರಗಿ ಹರಿಯುತ್ತದೆ. ಗಾಜು ಬೆರೆತರೆ ಕಡಿಮೆ ಶಾಖದಲ್ಲೇ ಬಿಲ್ಲೆ ಬೇಯುತ್ತದೆ, ಬೆಳ್ಳಿಯೂ ಉಳಿಯುತ್ತದೆ. ಹೀಗೆ ಕಾಲುವೆ ಮತ್ತು ತಂತಿ ಒಂದೇ ಆವಿಗೆಯಿಂದ ಒಟ್ಟಿಗೆ ಹೊರಬರುತ್ತವೆ. ಗಾಜು, ಪ್ಲಾಸ್ಟಿಕ್ಕುಗಳಲ್ಲಿ ಇದು ಇಷ್ಟು ಸುಲಭವಲ್ಲ.

ತೊಡಕುಗಳೂ ಉಂಟು. ಮಡಿಕೆಯಂತೆ ಇದೂ ಕುಗ್ಗುತ್ತದೆ; ಹತ್ತು ಸೆಂಟಿಮೀಟರಿನ ಹಾಳೆ ಸುಟ್ಟ ಮೇಲೆ ಎಂಟೂಮುಕ್ಕಾಲಿನ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ಮೊದಲೇ ಲೆಕ್ಕಹಾಕಿ ದೊಡ್ಡದಾಗಿ ಕತ್ತರಿಸಬೇಕು. ಒತ್ತುವಾಗ ಟೊಳ್ಳು ಕಾಲುವೆಯ ಛಾವಣಿ ಕುಸಿಯುವ ಭಯವಿದೆ. ಅದಕ್ಕೆ ಒಳಗೆ ಇಂಗಾಲ ತುಂಬುತ್ತಾರೆ. ಬೆಂಕಿಯಲ್ಲಿ ಅದು ತಾನಾಗಿ ಉರಿದು ದಾರಿ ಬಿಡುತ್ತದೆ. ಎಂಥ ಉಪಾಯ ನೋಡಿ!

ಬಾರ್ಸೆಲೋನಾದ ಸ್ವಾಯತ್ತ ವಿಶ್ವವಿದ್ಯಾಲಯದ ಸಂಶೋಧಕರು ನೀರಿನ ಅಮೋನಿಯಂ ಮೊದಲಾದ ಅಯಾನುಗಳನ್ನು ಅಳೆಯಲು ಇಂಥ ಬಿಲ್ಲೆಗಳನ್ನು ಮಾಡಿದ್ದಾರೆ. ಕಾಲುವೆಯ ಒಂದೆಡೆ, ಬೇಕಾದ ಅಯಾನನ್ನು ಮಾತ್ರ ಗುರುತಿಸುವ ಪೊರೆಯಿರುತ್ತದೆ. ಬೆಂಕಿ ತಾಳದ ಈ ಪೊರೆಯನ್ನು ಸುಟ್ಟ ನಂತರವೇ ಕೂರಿಸುತ್ತಾರೆ. ಒಂದು ವಿದ್ಯುದಂಶದ ಅಯಾನಿನ ಪ್ರಮಾಣ ಹತ್ತುಪಟ್ಟು ಬದಲಾದರೆ ವೋಲ್ಟೇಜು ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಆ ವ್ಯತ್ಯಾಸವೇ ಉತ್ತರ. ಆದರೆ ಪ್ರಮಾಣ ಗೊತ್ತಿರುವ ದ್ರಾವಣ ಹರಿಸಿ ಆಗಾಗ್ಗೆ ಸರಿನೋಡಬೇಕು. ತಕ್ಕಡಿಗೆ ಪಡಿಗಲ್ಲು ಇರುವಂತೆ ಇದು.

ಫ್ಲೋರೈಡಿಗೆ ಬೇರೆಯೇ ಪೊರೆ: ಲ್ಯಾಂಥನಮ್ ಫ್ಲೋರೈಡಿನ ಹರಳು. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಎಂಬುವರು ಅದನ್ನು ಪ್ರಕಟಿಸಿದರು. ಆ ಹರಳಿನ ಎಲೆಕ್ಟ್ರೋಡು ಪೆನ್ನಿನಷ್ಟು ದೊಡ್ಡದು. ಪಟ್ಟಣದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.