ಎಂಎಂಎಸ್ ಕಣಗಳ ಡೇಟಾ ಲೋಡ್ ಮಾಡುವವರಿಗೆ ಏಳು ಸೂತ್ರಗಳು

ನಾಸಾ 2015ರ ಮಾರ್ಚ್‌ನಲ್ಲಿ ಹಾರಿಸಿದ ಎಂಎಂಎಸ್‌ನ ನಾಲ್ಕು ನೌಕೆಗಳು, ಭೂಮಿಯ ಸುತ್ತ ಕಾಂತರೇಖೆಗಳು ಕಡಿದು ಮತ್ತೆ ಬೆಸೆಯುವ ಕ್ರಿಯೆಯನ್ನು ಅಳೆಯುತ್ತವೆ. ಅವುಗಳಲ್ಲಿರುವ ಎಫ್‌ಪಿಐ ಉಪಕರಣ ಎಲೆಕ್ಟ್ರಾನು ಮತ್ತು ಅಯಾನುಗಳನ್ನು ಎಣಿಸುತ್ತದೆ. ಅದರ ಡೇಟಾ ಎಲ್ಲರಿಗೂ ಉಚಿತ. ಪೈಥಾನ್‌ನ ಪೈಸ್ಪೆಡಾಸ್ ಪ್ಯಾಕೇಜಿನಲ್ಲಿ ಒಂದೇ ಫಂಕ್ಷನ್ ಕರೆದರೆ ಕೈಗೆ ಬರುತ್ತದೆ. ಆದರೆ ಏನು ಕೇಳುತ್ತಿದ್ದೇವೆಂಬ ಅರಿವು ನಮಗಿರಬೇಕು.

1. ಹೆಸರಾಂತ ಘಟನೆಯಿಂದ ಶುರು ಮಾಡಿ. 2015ರ ಅಕ್ಟೋಬರ್ 16ರಂದು 13:07ರ ಸುಮಾರಿಗೆ ನೌಕೆಗಳು ಕಾಂತಗೋಳದ ಅಂಚಿನಲ್ಲಿ ಆ ಬೆಸುಗೆಯ ನಡುಭಾಗವನ್ನೇ ಹಾದುಹೋದವು. ಅದರ ಪ್ರಬಂಧ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ನೀವು ಬಿಡಿಸಿದ ಗ್ರಾಫು ಸರಿಯೇ ಎಂದು ಅಲ್ಲಿನ ಚಿತ್ರಗಳ ಪಕ್ಕದಲ್ಲಿಟ್ಟು ನೋಡಬಹುದು.

2. ಸಮಯವನ್ನು ಯುಟಿಸಿಯಲ್ಲೇ ಕೊಡಿ. ಮೇಲಿನ 13:07 ನಮ್ಮ ಗಡಿಯಾರದಲ್ಲಿ ಸಂಜೆ 6:37.

3. ಡೇಟಾ ರೇಟ್ ಯಾವುದೆಂದು ಮೊದಲೇ ನಿರ್ಧರಿಸಿ. ಫಾಸ್ಟ್ ಎಂದರೆ 4.5 ಸೆಕೆಂಡಿಗೊಂದು ಅಳತೆ. ಬರ್ಸ್ಟ್‌ನಲ್ಲಿ ಎಲೆಕ್ಟ್ರಾನಿಗೆ 30 ಮಿಲಿಸೆಕೆಂಡು, ಅಯಾನಿಗೆ 150. ನೌಕೆ ಒಂದು ಸುತ್ತು ತಿರುಗಲು ಸುಮಾರು 20 ಸೆಕೆಂಡು ಬೇಕು. ಅಷ್ಟು ಕಾಯದೆ ಎಲ್ಲ ದಿಕ್ಕುಗಳನ್ನೂ ಒಟ್ಟಿಗೆ ನೋಡಲೆಂದೇ ಪ್ರತಿ ನೌಕೆಯ ಸುತ್ತಲೂ ಎಲೆಕ್ಟ್ರಾನಿಗೆ ಎಂಟು, ಅಯಾನಿಗೆ ಎಂಟು ಸ್ಪೆಕ್ಟ್ರೋಮೀಟರು ಕೂರಿಸಿದ್ದಾರೆ. ಈ ವಿನ್ಯಾಸ ನನಗೆ ಇಡೀ ಯೋಜನೆಯ ಜೀವಾಳವೆನಿಸುತ್ತದೆ. ಆದರೆ ಬರ್ಸ್ಟ್ ಡೇಟಾ ಪೂರ್ತಿಯಾಗಿ ಭೂಮಿಗೆ ಬರುವುದಿಲ್ಲ. ವಿಜ್ಞಾನಿಗಳು ಆರಿಸಿದ ತುಣುಕುಗಳು ಮಾತ್ರ ಬರುತ್ತವೆ. ಫಂಕ್ಷನ್ ಬರಿಗೈಲಿ ಮರಳಿದರೆ ಕೋಡ್ ಕೆಟ್ಟಿದೆಯೆಂದು ಗಾಬರಿಯಾಗದೆ, ಅದೇ ಹೊತ್ತಿಗೆ ಫಾಸ್ಟ್ ಕೇಳಿ ನೋಡಿ. ಇನ್ನೊಂದು ಮಾತು: ಬರ್ಸ್ಟ್ ಎಂದು ಟೈಪ್ ಮಾಡುವಾಗ ಬಿ, ಆರ್, ಎಸ್, ಟಿ ಅಕ್ಷರಗಳಷ್ಟೇ, ನಡುವೆ ಯು ಇಲ್ಲ.

4. ಮೊಮೆಂಟ್ ಸಾಕಾದರೆ ಡಿಸ್ಟ್ರಿಬ್ಯೂಷನ್ ಕೇಳಬೇಡಿ. ಸಾಂದ್ರತೆ, ವೇಗ, ತಾಪಮಾನ ಮೊಮೆಂಟ್ ಫೈಲಿನಲ್ಲಿ ಸಿದ್ಧವಾಗಿರುತ್ತವೆ. ಡಿಸ್ಟ್ರಿಬ್ಯೂಷನ್ ಎಂದರೆ 32 ಶಕ್ತಿಮಟ್ಟ, 32 ಮತ್ತು 16 ಕೋನ: ಒಂದೊಂದು ಅಳತೆಗೂ 16,384 ಸಂಖ್ಯೆ. ಬರ್ಸ್ಟ್‌ನ ಒಂದು ನಿಮಿಷದ ಎಲೆಕ್ಟ್ರಾನ್ ಡೇಟಾ ಮೂರು ಕೋಟಿ ಸಂಖ್ಯೆಗಳನ್ನು ದಾಟುತ್ತದೆ. ಕಣಗಳ ವೇಗ ಹಂಚಿಕೆಯ ಆಕಾರವೇ ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಅದನ್ನು ಇಳಿಸಿ, ಅದೂ ಕೆಲವೇ ಸೆಕೆಂಡುಗಳದ್ದು.

5. ಫೈಲುಗಳಿಗೆ ಒಂದು ಕಾಯಂ ಫೋಲ್ಡರ್ ಗೊತ್ತುಮಾಡಿ. ನೆಟ್ ನಿಧಾನವಿರುವ ಊರಿನಲ್ಲಿ ಒಮ್ಮೆ ಇಳಿಸಿದ್ದೇ ಮತ್ತೆ ಮತ್ತೆ ಒದಗುತ್ತದೆ.

6. ಸೆಂಟರ್ ಮೆಷರ್‌ಮೆಂಟ್ ಆಯ್ಕೆಯನ್ನು ಆನ್ ಮಾಡಿ. ಎಫ್‌ಪಿಐ ತನ್ನ ಸಮಯವನ್ನು ಪ್ರತಿ ಅಳತೆಯ ಆರಂಭಕ್ಕೆ ಗುರುತಿಸುತ್ತದೆ. ಫಾಸ್ಟ್‌ನಲ್ಲಿ ಮಧ್ಯಬಿಂದು ಅದಕ್ಕಿಂತ 2.25 ಸೆಕೆಂಡು ಮುಂದಿದೆ. ಕಾಂತಕ್ಷೇತ್ರದ ಡೇಟಾ ಜೊತೆಗಿಟ್ಟು ನೋಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

7. ಯಾವ ತೀರ್ಮಾನಕ್ಕೂ ಮುನ್ನ ಎಲೆಕ್ಟ್ರಾನ್ ಸಾಂದ್ರತೆ, ಅಯಾನ್ ಸಾಂದ್ರತೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಪ್ಲಾಸ್ಮಾದಲ್ಲಿ ಋಣ-ಧನ ವಿದ್ಯುದಂಶ ಹೆಚ್ಚುಕಡಿಮೆ ಸಮನಾಗಿರಬೇಕು. ಎರಡು ಗೆರೆಗಳು ಬಹಳ ದೂರ ಸರಿದಿದ್ದರೆ ಕಾರಣ ಹುಡುಕಿ. ಉಪಕರಣಕ್ಕೆ ಕಾಣದಷ್ಟು ತಣ್ಣಗಿನ ಅಯಾನುಗಳು ಇರಬಹುದು. ಬಿಸಿಲು ತಾಗಿ ನೌಕೆಯಿಂದಲೇ ಹೊಮ್ಮಿದ ಫೋಟೋಎಲೆಕ್ಟ್ರಾನುಗಳು ಲೆಕ್ಕದಲ್ಲಿ ಸೇರಿರಬಹುದು. ಎಫ್‌ಪಿಐ ಪ್ರೋಟಾನಿಗೂ ಆಮ್ಲಜನಕದ ಅಯಾನಿಗೂ ಭೇದ ತಿಳಿಯದು. ಬಂದದ್ದೆಲ್ಲ ಪ್ರೋಟಾನೆಂದೇ ಲೆಕ್ಕ ಹಾಕುತ್ತದೆ. ಆ ಸಂದೇಹ ಬಂದಾಗ ಅದೇ ನೌಕೆಯ ಎಚ್‌ಪಿಸಿಎ ಡೇಟಾವನ್ನೂ ಲೋಡ್ ಮಾಡಿ. ಅದು ಅಯಾನುಗಳನ್ನು ಜಾತಿವಾರು ಬೇರ್ಪಡಿಸಿ ಕೊಡುತ್ತದೆ.