ಓರೆ ಅಕ್ಷರ: ಇಂಗ್ಲಿಷ್ ಪಾಠಕ್ಕೆ ಬೇಕು, ಕನ್ನಡ ಪ್ರಶ್ನೆಪತ್ರಿಕೆಗೆ ಬೇಡ

ರಂಗಂಪೇಟೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅಂಗವಾಗಿ ಆರನೆಯ ತರಗತಿಗೆ ಕನ್ನಡ ಘಟಕ ಪರೀಕ್ಷೆ ನಡೆದಿತ್ತು. ಅದರ ಒಂದು ಪ್ರಶ್ನೆ ಹೀಗಿತ್ತು: ‘ಓರೆಯಾಗಿ ಅಚ್ಚಾದ ಪದದ ವಿರುದ್ಧಪದ ಬರೆಯಿರಿ. ಊರ ಜಾತ್ರೆಗೆ ದೂರದ ಜನ ಬಂದರು.’ ಪ್ರಶಿಕ್ಷಣಾರ್ಥಿ ಗಣಕಯಂತ್ರದಲ್ಲಿ ‘ದೂರದ’ ಎಂಬುದನ್ನು ಓರೆ ಮಾಡಿದ್ದರು. ಕೆಲವರು ‘ಹತ್ತಿರದ’ ಎಂದು ಬರೆದಿದ್ದರು, ಕೆಲವರು ‘ಹೋದರು’ ಎಂದು. ಎರಡನೆಯವರಿಗೆ ಸೊನ್ನೆ ಬಿದ್ದಿತ್ತು. ಅವರಲ್ಲೊಬ್ಬ ಹುಡುಗನನ್ನು ಕೇಳಿದಾಗ, “ಎಲ್ಲಾ ಅಕ್ಷರ ನೆಟ್ಟಗೇ ಅವ್ರೀ ಸರ್” ಎಂದ. ಅವನಿಗೆ ವಿರುದ್ಧಪದ ಗೊತ್ತಿತ್ತು, ಓರೆ ಕಾಣಿಸಲಿಲ್ಲ. ಆ ಅಂಕಗಳನ್ನು ಕೊಡಿಸಿದ ಮೇಲೆ ಅಕ್ಷರದ ವಿಷಯವನ್ನೇ ಒಂದು ಪಾಠವಾಗಿ ಪ್ರಶಿಕ್ಷಣಾರ್ಥಿಗಳ ಮುಂದಿಟ್ಟೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ಇಟ್ಯಾಲಿಕ್ ಅಕ್ಷರವನ್ನು ನೆಟ್ಟಗಿನ ಅಕ್ಷರವನ್ನು ವಾಲಿಸಿ ಮಾಡಿದ್ದೆಂದು ಹಲವರು ತಿಳಿದಿದ್ದಾರೆ. ಅದು ಹುಟ್ಟಿದ್ದು ಕೈಬರಹದಿಂದ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ 1501ರಲ್ಲಿ ರೋಮನ್ ಕವಿ ವರ್ಜಿಲನ ಕೃತಿಗಳನ್ನು ಕೈಯಲ್ಲಿ ಹಿಡಿದು ಓದುವಂಥ ಚಿಕ್ಕ ಪುಸ್ತಕವಾಗಿ, ಪೂರ್ತಿ ಈ ಅಕ್ಷರದಲ್ಲೇ ಅಚ್ಚುಹಾಕಿದ. ಅಚ್ಚಿನ ಅಕ್ಷರಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅವನಿಗೆ ಮಾದರಿಯಾದದ್ದು ಅಂದಿನ ಇಟಲಿಯ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಬರಹ. ಆ ಪುಸ್ತಕದಲ್ಲಿ ದೊಡ್ಡಕ್ಷರಗಳು ನೆಟ್ಟಗೇ ಇವೆ, ಸಣ್ಣಕ್ಷರಗಳು ಮಾತ್ರ ಓರೆ. ವಾಲುವುದೇ ಮುಖ್ಯವಾಗಿದ್ದರೆ ಹೀಗಾಗುತ್ತಿರಲಿಲ್ಲ. ನೆಟ್ಟಗಿನ ಅಕ್ಷರಗಳ ತುದಿಗಳಲ್ಲಿ ಪೀಠದಂತಿರುವ ಪುಟ್ಟ ಗೆರೆಗಳಿಗೆ ಸೆರಿಫ್ ಎನ್ನುತ್ತಾರೆ. ಇಟ್ಯಾಲಿಕ್ಕಿನಲ್ಲಿ ಅವೇ ಲೇಖನಿ ಕಾಗದಕ್ಕೆ ಇಳಿದು ಏಳುವ ಎಳೆಗಳಾಗುತ್ತವೆ. ಅದರ ಚೆಲುವು ಇರುವುದು ಅಲ್ಲಿ.

ಇದರಿಂದ ಇಂಗ್ಲಿಷ್ ಪಾಠಕ್ಕೆ ನೇರ ಉಪಯೋಗವಿದೆ. ಕನ್ನಡ ಮಾಧ್ಯಮದ ಮಗು ನಾಲ್ಕು ಗೆರೆ ಪುಸ್ತಕದಲ್ಲಿ ಬರೆಯುವ ಸಣ್ಣ ‘ಎ’ಗೆ ತಲೆಯ ಮೇಲೆ ಕೊಕ್ಕೆ ಇರುವುದಿಲ್ಲ, ಪಠ್ಯದಲ್ಲಿ ಅಚ್ಚಾದ ‘ಎ’ಗೆ ಎಷ್ಟೋ ಸಲ ಇರುತ್ತದೆ. ಬರೆಯುವುದೊಂದು, ಓದುವುದು ಇನ್ನೊಂದು. ‘ಫಾದರ್’ ಎಂಬ ಇಂಗ್ಲಿಷ್ ಪದವನ್ನು ಒಂದೇ ಚಾರ್ಟಿನಲ್ಲಿ ಮೂರು ಬಗೆಯಲ್ಲಿ ತೋರಿಸಿ: ಟೈಮ್ಸ್ ನ್ಯೂ ರೋಮನ್ನಿನ ನೆಟ್ಟಗಿನ ರೂಪ, ಅದರದೇ ಇಟ್ಯಾಲಿಕ್, ಮತ್ತು ತರಗತಿಯ ಒಬ್ಬ ಮಗುವಿನ ಕೈಬರಹ. ಇಟ್ಯಾಲಿಕ್ಕಿನಲ್ಲಿ ‘ಎಫ್’ ಗೆರೆಯ ಕೆಳಗಿಳಿದು ಬಾಲ ಬಿಡುತ್ತದೆ, ‘ಎ’ಯ ಕೊಕ್ಕೆ ಮಾಯವಾಗುತ್ತದೆ, ‘ಇ’ಯ ಅಡ್ಡಗೆರೆ ಬಾಗುತ್ತದೆ. ನಿಮ್ಮ ಬರಹಕ್ಕೆ ಯಾವುದು ಹತ್ತಿರ ಎಂದು ಕೇಳಿ. ನಾನು ನೋಡಿದ ಪಾಠಗಳಲ್ಲಿ ಬೆರಳುಗಳು ಹೆಚ್ಚಾಗಿ ಇಟ್ಯಾಲಿಕ್ ಕಡೆಗೇ ಹೋಗಿವೆ. ಅಲ್ಲಿಂದ ಕೊಕ್ಕೆಯ ‘ಎ’ಗೆ ದಾಟುವುದು ಸುಲಭ. ಇಟ್ಯಾಲಿಕ್ಕನ್ನು ಪುಸ್ತಕದ ಹೆಸರಿಗೂ ಪರಭಾಷೆಯ ಪದಕ್ಕೂ ಒತ್ತಿ ಹೇಳುವ ಮಾತಿಗೂ ಬಳಸುತ್ತಾರೆಂಬುದು ಆಮೇಲಿನ ಮಾತು.

ಕನ್ನಡದ ಕಥೆ ಬೇರೆ. ಗಣಕಯಂತ್ರದ ಗುಂಡಿ ಒತ್ತಿದರೆ ಸಾಮಾನ್ಯವಾಗಿ ನೆಟ್ಟಗಿನ ಕನ್ನಡ ಅಕ್ಷರವೇ ವಾಲಿಕೊಳ್ಳುತ್ತದೆ, ಹೊಸ ರೂಪ ಬರುವುದಿಲ್ಲ. ಇದನ್ನು ತೋರಿಸಲು ನೋಟುಪುಸ್ತಕಗಳ ಕಟ್ಟು ಸಾಕು. ಒಂದರ ಮೇಲೊಂದು ಜೋಡಿಸಿ, ಬದಿಯ ಮೇಲೆ ಸೀಮೆಸುಣ್ಣದಿಂದ ‘ತ್ರೆ’ ಬರೆದು, ಕಟ್ಟನ್ನು ಮೆಲ್ಲಗೆ ವಾಲಿಸಿ. ನಡುಭಾಗಕ್ಕೆ ಹೋಲಿಸಿದರೆ ಮೇಲಿನ ಎತ್ವ ಬಲಕ್ಕೆ ಹೋಗುತ್ತದೆ, ಕೆಳಗಿನ ಒತ್ತು ಎಡಕ್ಕೆ. ಹನ್ನೆರಡು ಡಿಗ್ರಿ ವಾಲಿಸಿದರೆ, ಗೆರೆಯ ಮೇಲೆ 30 ಸೆಂ.ಮೀ. ಎತ್ತರದ ಬಿಂದು ಸುಮಾರು 6 ಸೆಂ.ಮೀ. ಬಲಕ್ಕೆ, ಕೆಳಗೆ 15 ಸೆಂ.ಮೀ. ಇರುವ ಬಿಂದು ಸುಮಾರು 3 ಸೆಂ.ಮೀ. ಎಡಕ್ಕೆ ಸರಿಯುತ್ತದೆ. ಅಕ್ಷರ ಮತ್ತು ಒತ್ತನ್ನು ಕೂಡಿಸಿಕೊಂಡು ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇದು ಬೇಡದ ತೊಡಕು.

ಇಷ್ಟಾಗಿಯೂ ಓರೆ ಎದ್ದು ಕಾಣುವುದಿಲ್ಲ! ಇಂಗ್ಲಿಷಿನ ‘ಎಲ್’, ‘ಎಚ್’, ‘ಟಿ’ಗಳಲ್ಲಿ ಕಂಬದಂಥ ಗೆರೆಗಳಿವೆ, ಕಂಬ ವಾಲಿದ್ದು ದೂರದಿಂದಲೇ ತಿಳಿಯುತ್ತದೆ. ನಮ್ಮ ‘ದ’, ‘ರ’ಗಳು ದುಂಡಗೆ, ವಾಲಿಸಿದ ದುಂಡು ಕೊಂಚ ಸೊಟ್ಟಗಾಗುತ್ತದೆ, ಅಷ್ಟೇ. ‘ದೂರದ’ ಎಂಬ ಪದದಲ್ಲಿ ಒಂದೂ ಕಂಬವಿಲ್ಲ. ಜೆರಾಕ್ಸ್ ಮಸುಕಾದರೆ ಆ ಸೊಟ್ಟವೂ ಉಳಿಯುವುದಿಲ್ಲ. ಟಿರೊ ಕನ್ನಡದಂಥ ಅಕ್ಷರಶೈಲಿಯಲ್ಲಿ ನೇರ, ಓರೆ ಎರಡೂ ರೂಪಗಳನ್ನು ಒದಗಿಸಿದ್ದಾರೆ. ದೊಡ್ಡವರ ಪುಸ್ತಕಕ್ಕೆ ಅದು ಒಪ್ಪೀತು. ಆರನೆಯ ತರಗತಿಯ ಪ್ರಶ್ನೆಪತ್ರಿಕೆಗೆ ನಾನು ಒಪ್ಪುವುದಿಲ್ಲ.

ಬದಲಿಗೆ ಏನು? ಅಡಿಗೆರೆ ನಮ್ಮ ಶಾಲೆಗಳಲ್ಲಿ ರೂಢಿ, ಆದರೆ ಗಣಕಯಂತ್ರ ಹಾಕುವ ಅಡಿಗೆರೆ ಎಷ್ಟೋ ಸಲ ಒತ್ತಕ್ಷರವನ್ನು ಕತ್ತರಿಸಿಕೊಂಡು ಹೋಗುತ್ತದೆ. ಮೂಲಪ್ರತಿಯ ಮೇಲೆ ಒತ್ತಿಗಿಂತ ಕೆಳಗೆ ಅಳತೆಪಟ್ಟಿ ಇಟ್ಟು ಪೆನ್ನಿನಿಂದ ಎಳೆಯುವುದು ಮೇಲು. ದಪ್ಪಕ್ಷರ ಚೆನ್ನಾಗಿ ಕಾಣುತ್ತದೆ, ಆದರೆ ಚಿಕ್ಕ ಗಾತ್ರದಲ್ಲಿ ‘ಥ’, ‘ಧ’, ‘ಠ’ಗಳ ಹೊಟ್ಟೆ ಮಸಿ ತುಂಬಿ ಒಂದೇ ಥರ ಕಂಡಾವು. ನನ್ನ ಆಯ್ಕೆ ಉದ್ಧರಣ ಚಿಹ್ನೆ. ಮಗು ಅದನ್ನು ಪಠ್ಯದಲ್ಲಿ ಕಂಡಿದೆ, ಜೆರಾಕ್ಸಿನಲ್ಲೂ ಅದು ಉಳಿಯುತ್ತದೆ.

ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಒಂದು ಸಂದೇಹ ಎತ್ತಿದರು: ತೊಗರಿಯ ವೈಜ್ಞಾನಿಕ ಹೆಸರನ್ನು ಓರೆಯಾಗಿಯೇ ಬರೆಯಬೇಕಲ್ಲ? ಇಂಗ್ಲಿಷ್ ಲಿಪಿಯಲ್ಲಿ ಅಚ್ಚಾದಾಗ ಹೌದು. ಕೈಯಲ್ಲಿ ಬರೆಯುವಾಗ ಜಾತಿ, ಪ್ರಭೇದಗಳೆರಡಕ್ಕೂ ಬೇರೆ ಬೇರೆ ಅಡಿಗೆರೆ ಎಳೆಯಬೇಕು. ‘ಕಜಾನಸ್ ಕಜಾನ್’ ಎಂದು ಕನ್ನಡ ಲಿಪಿಯಲ್ಲಿ ಬರೆದಾಗ ಉದ್ಧರಣ ಚಿಹ್ನೆಯೊಳಗಿಟ್ಟರೆ ಸಾಕು.

ಮುಂದಿನ ಘಟಕ ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆಯ ಜೆರಾಕ್ಸ್ ಪ್ರತಿಯನ್ನೇ ನನಗೆ ತೋರಿಸಬೇಕೆಂದು ಹೇಳಿದ್ದೇನೆ, ಗಣಕಯಂತ್ರದ ಪರದೆಯನ್ನಲ್ಲ.