ಟಿಪ್ಪಣಿ: ಅರಸರ ಸ್ಮಾರಕಗಳು ಮತ್ತು ಉದ್ಯಾನಗಳು

ಗೊಳಸಂಗಿ, ಇಂಡಿ, ಸಿಂದಗಿ ಕಡೆಯ ಅಭ್ಯರ್ಥಿಗಳಿಗೆ ಗೋಳಗುಮ್ಮಟ ಪರಿಚಿತ. ಅಂಕ ಕೈತಪ್ಪುವುದು ಯಾರ ಸ್ಮಾರಕ, ಯಾವ ಇಸವಿ ಎಂಬಲ್ಲಿ.

ಅ) ವಿಜಯಪುರ: ಸಮಾಧಿ ಸ್ಮಾರಕಗಳು

1. ಇಬ್ರಾಹಿಂ ರೋಜಾ: 2ನೇ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627). ಒಂದೇ ಜಗತಿಯ ಮೇಲೆ ಸಮಾಧಿ, ಮಸೀದಿ ಎದುರುಬದುರು, ಸುತ್ತ ಉದ್ಯಾನ. ಕಿಟಕಿಯ ಕಲ್ಲಿನ ಜಾಲಂಧ್ರವೇ ಅಕ್ಷರಗಳ ಕೆತ್ತನೆ.
2. ಗೋಳಗುಮ್ಮಟ: ಮುಹಮ್ಮದ್ ಆದಿಲ್‌ಶಾಹ (1627–1656). ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಪಿಸುಗುಟ್ಟುವ ಮೊಗಸಾಲೆ.
3. ಬಾರಾ ಕಮಾನ್: 2ನೇ ಅಲಿ ಆದಿಲ್‌ಶಾಹ (1656–1672). ಅಪೂರ್ಣ.

ಆ) ಬೆಂಗಳೂರು, ಮೈಸೂರು: ಪ್ರತಿಮೆ, ಉದ್ಯಾನ

1. ಕಬ್ಬನ್ ಪಾರ್ಕ್: 1870, ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮೊದಲ ಹೆಸರು ಮೀಡ್ಸ್ ಪಾರ್ಕ್. 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ.
2. ವಿಕ್ಟೋರಿಯಾ ಪ್ರತಿಮೆ: ರಾಣಿಯ ನಿಧನ 1901, ಅನಾವರಣ 1906. ಬಿಳಿ ಅಮೃತಶಿಲೆ.
3. 7ನೇ ಎಡ್ವರ್ಡ್ ಪ್ರತಿಮೆ: ನಿಧನ 1910, ಪ್ರತಿಮೆ 1919.
4. ಮೈಸೂರು ಮೃಗಾಲಯ: 1892ರಲ್ಲಿ ಅರಮನೆಯ ಮೃಗಾಲಯವಾಗಿ ಆರಂಭ, 1909ರಲ್ಲಿ ಚಾಮರಾಜೇಂದ್ರರ ಹೆಸರು.

ಗೊಂದಲ ಬೇಡ

• 1927 ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ವರ್ಷ. ಉದ್ಯಾನಕ್ಕೆ ಇಟ್ಟದ್ದು ಮಾತ್ರ ಅವರ ತಂದೆ, 10ನೇ ಚಾಮರಾಜ ಒಡೆಯರ (ನಿಧನ 1894, ಕಲ್ಕತ್ತಾ) ಹೆಸರು.
• 1627: ಇಬ್ರಾಹಿಂ ಆಳ್ವಿಕೆಯ ಕೊನೆ, ಮುಹಮ್ಮದ್ ಆಳ್ವಿಕೆಯ ಮೊದಲು. 1656: ಮುಹಮ್ಮದ್‌ನ ಕೊನೆ, 2ನೇ ಅಲಿಯ ಮೊದಲು.
• ಕಬ್ಬನ್ ಅರಸನಲ್ಲ, ಮೈಸೂರಿನ ಬ್ರಿಟಿಷ್ ಕಮಿಷನರ್.

ಹೊಂದಿಸಿ ಬರೆಯಿರಿ ಮಾದರಿಗೆ ಅರಸ, ಸ್ಮಾರಕ, ಇಸವಿ ಮೂರನ್ನೂ ಒಟ್ಟಿಗೇ ಬಾಯಿಪಾಠ ಮಾಡಿ.